ರೇಸ್ ಬೈಕಿಗೆ ತೋಟದ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೋಟೋಕ್ರಾಸ್ (ಮಣ್ಣಿನ ದಿಬ್ಬಗಳ ರೇಸ್) ಟ್ರ್ಯಾಕಿನಲ್ಲಿ ಓಡಿ ದಣಿದ 125 ಸಿಸಿ ಟೂ-ಸ್ಟ್ರೋಕ್ ಬೈಕನ್ನು ಕೊಂಡು, ಅದನ್ನು ಗುಡ್ಡ, ತೋಟ, ಕಾಲುದಾರಿಗಳಲ್ಲಿ ಓಡಿಸಲು ಒದ್ದಾಡುತ್ತಿರುವವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕಕ್ಕೆ ಯಮಾಹಾ ವೈಜೆಡ್ 125 ಅನ್ನು ಹಿಡಿದಿದ್ದೇವೆ. ಬೇರೆ ಕಂಪನಿಯ ಬೈಕಿಗೂ ತರ್ಕ ಇದೇ, ಅಂಕಿಗಳನ್ನು ಮಾತ್ರ ಅದರ ಮ್ಯಾನ್ಯುಯಲ್ ನೋಡಿ ಬದಲಿಸಿಕೊಳ್ಳಿ.

ಪ್ರಶ್ನೆ: ನಿಧಾನಕ್ಕೆ ಏರು ಹತ್ತುವಾಗ ಎಂಜಿನ್ ಆಫ್ ಆಗುತ್ತದೆ. ಸ್ವಲ್ಪ ಹೆಚ್ಚು ತಿರುಗಿಸಿದರೆ ಕೈಬಿಟ್ಟು ಹಾರುತ್ತದೆ. ಮೊದಲು ಏನನ್ನು ಬದಲಿಸಬೇಕು? (ಸಕಲೇಶಪುರ)

ಮೊದಲು ಏನನ್ನೂ ಬದಲಿಸಬೇಡಿ, ಪವರ್ ವಾಲ್ವ್ ನೋಡಿ. ಯಮಾಹಾದವರು ವೈಪಿವಿಎಸ್ ಎನ್ನುವ ಈ ವಾಲ್ವ್ ಕೆಳಗಿನ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಮೇಲ್ಭಾಗವನ್ನು ಮುಚ್ಚಿಟ್ಟುಕೊಂಡಿರಬೇಕು, ವೇಗ ಏರಿದಂತೆ ತೆರೆದುಕೊಳ್ಳಬೇಕು. ಮಸಿ ಕಟ್ಟಿ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡರೆ ಕೆಳಗಿನ ಎಳೆತ ಪೂರ್ತಿ ಮಾಯ. ಸಿಲಿಂಡರಿನ ಪಕ್ಕದ ಚಿಕ್ಕ ಮುಚ್ಚಳ ತೆಗೆದು, ಎಂಜಿನ್ ಓಡಿಸಿ, ಎಕ್ಸಲರೇಟರ್ ತಿರುಗಿಸಿದಾಗ ಶಾಫ್ಟ್ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡದಿದ್ದರೆ ಬಿಚ್ಚಿ ಮಸಿ ಕೆರೆದು ತೊಳೆಯಬೇಕು. ಸೆಕೆಂಡ್ ಹ್ಯಾಂಡ್ ಬೈಕುಗಳಲ್ಲಿ ಅರ್ಧ ರೋಗ ಇಲ್ಲೇ ವಾಸಿಯಾಗುತ್ತದೆ.

ವಾಲ್ವ್ ಸರಿಯಿದೆ ಎಂದಾದರೆ, ನಿಮ್ಮ ಬೈಕಿಗೆ ಶಕ್ತಿ ಸಾಲದೆಂದಲ್ಲ, ಅದು ಸಿಗುವ ಜಾಗ ನಿಮಗೆ ಹೊಂದುತ್ತಿಲ್ಲ. ಬೋರ್ (ಸಿಲಿಂಡರಿನ ವ್ಯಾಸ) 54 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 54.5 ಮಿ.ಮೀ. ಇರುವ ಈ ಎಂಜಿನ್ನಿನ ಪೋರ್ಟು, ಪೈಪು, ಇಗ್ನಿಷನ್ ಎಲ್ಲವೂ ಸುಮಾರು 8 ಸಾವಿರ ಆರ್‌ಪಿಎಂನಿಂದ ಮೇಲಕ್ಕೆ ಹೊಂದಿಸಿದವು. ಬೇರು, ಬಂಡೆಗಳ ನಡುವೆ ನೀವು ಓಡಿಸುವುದು ಅದರ ಅರ್ಧದಲ್ಲಿ. ನಿಧಾನ ಓಟದಲ್ಲೂ ಎಂಜಿನ್ನನ್ನು ಆ ಮೇಲಿನ ಸುತ್ತಿನ ಹತ್ತಿರ ತರಲು ಅಗ್ಗದ ದಾರಿ ಚೈನು ಓಡುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್. ಅನುಪಾತ ಹೆಚ್ಚಿದಷ್ಟೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತುತ್ತದೆ. ಕಂಪನಿಯಿಂದ ಬರುವಾಗ ಮುಂದೆ 13, ಹಿಂದೆ 48 ಹಲ್ಲು, ಅಂದರೆ 3.69 ಅನುಪಾತ. ಹಿಂದೆ 51 ಹಾಕಿದರೆ 3.92, ಮುಂದೆ 12 ಹಾಕಿದರೆ 4.00, 12ಕ್ಕೆ 50 ಜೋಡಿಸಿದರೆ 4.17. ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ನಾಲ್ಕಕ್ಕೆ ಸಮ ಎಂದು ನೆನಪಿಟ್ಟುಕೊಂಡರೆ ಸಾಕು.

ಖರ್ಚು ಕಡಿಮೆ ಎಂದು ಎಲ್ಲರೂ ಮುಂದಿನ ಸ್ಪ್ರಾಕೆಟನ್ನೇ ಚಿಕ್ಕದು ಮಾಡುತ್ತಾರೆ. ಪ್ರಯೋಗಕ್ಕೆ ಅದು ಸರಿ, ಕಾಯಂ ಆಗಿ ಬೇಡ. ಸುತ್ತು ಚಿಕ್ಕದಾದಷ್ಟೂ ಚೈನು ಹೆಚ್ಚು ಬಾಗುತ್ತದೆ, ಸ್ವಿಂಗ್‌ಆರ್ಮ್ ಮೇಲಿನ ಪ್ಲಾಸ್ಟಿಕ್ ಸ್ಲೈಡರನ್ನು ಬೇಗ ತಿನ್ನುತ್ತದೆ. ಸ್ಲೈಡರ್ ತೂತಾದ ಮೇಲೆ ತಿನ್ನುವುದು ಅಲ್ಯೂಮಿನಿಯಂ ಆರ್ಮನ್ನೇ. ಹಿಂದೆ 51 ಹಾಕುವುದಾದರೆ ಚೈನಿನ ಉದ್ದ ನೋಡಿ: ಹಿಂದೆ ಎರಡು ಹಲ್ಲು ಹೆಚ್ಚಿದರೆ ಒಂದು ಕೊಂಡಿ ಬೇಕು, ಆದರೆ ಚೈನು ಸಮಸಂಖ್ಯೆಯಲ್ಲೇ ಜೋಡಿಯಾಗುವುದು. ಆಕ್ಸಲ್ ಮುಂದಕ್ಕೆ ಸರಿಯಲು ಜಾಗವಿಲ್ಲದಿದ್ದರೆ ಎರಡು ಕೊಂಡಿ ಉದ್ದದ ಚೈನು ತನ್ನಿ.

ಕ್ರಮ ಹೀಗಿರಲಿ: ಪವರ್ ವಾಲ್ವ್, ಸ್ಪ್ರಾಕೆಟ್, ಜೆಟ್ಟಿಂಗ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಚಿಕ್ಕ ತೂತುಗಳಾದ ಜೆಟ್ಟುಗಳ ಹೊಂದಾಣಿಕೆ), ಸಸ್ಪೆನ್ಷನ್, ಫ್ಲೈವೀಲ್ (ಎಂಜಿನ್ ಜೊತೆ ಸುತ್ತುವ ಭಾರದ ಚಕ್ರ), ಹಿಂದಿನ ಚಕ್ರ. ಲೈಟು, ಸ್ಟಿಕ್ಕರು ಕೊನೆಗೆ. ಹೆಚ್ಚಿನವರು ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ.

ಪ್ರಶ್ನೆ: ಫ್ಲೈವೀಲ್ ವೇಟ್ ಹಾಕಿದರೆ ಪವರ್ ಕಡಿಮೆಯಾಗುತ್ತದೆಯೇ? (ಮೂಡಿಗೆರೆ)

ಇಲ್ಲ. ಎಂಜಿನ್ ವೇಗ ಏರುವುದೂ ಇಳಿಯುವುದೂ ನಿಧಾನವಾಗುತ್ತದೆ, ಅಷ್ಟೆ. ಹಿಂದಿನ ಚಕ್ರ ಬೇರಿಗೆ ತಾಗಿ ಒಂದು ಕ್ಷಣ ನಿಂತಾಗ ಎಂಜಿನ್ ಸಾಯದಂತೆ ಕಾಯುವುದು ಈ ಹೆಚ್ಚುವರಿ ತೂಕ. ಕೆಸರಿನಲ್ಲಿ ಚಕ್ರ ಒಮ್ಮೆಲೇ ಸುತ್ತಿ ಜಾರುವುದನ್ನು ತಡೆಯುವುದೂ ಅದೇ. 125ಕ್ಕೆ 8ರಿಂದ 12 ಔನ್ಸ್, ಅಂದರೆ ಸುಮಾರು 225ರಿಂದ 340 ಗ್ರಾಂ ಸಾಕು. ಹೊರಸುತ್ತಿನಲ್ಲಿರುವ ತೂಕ ಹೆಚ್ಚು ಕೆಲಸ ಮಾಡುವುದರಿಂದ ಬರೀ ಗ್ರಾಂ ನೋಡಬೇಡಿ, ವ್ಯಾಸವನ್ನೂ ನೋಡಿ.

ಹಾಕುವಾಗ ತಪ್ಪುವುದು ಎರಡು ಕಡೆ. ಒಂದು, ಫ್ಲೈವೀಲನ್ನು ಸುತ್ತಿಗೆಯಿಂದ ಬಡಿದು ಬಿಡಿಸುವುದು. ಕ್ರ್ಯಾಂಕ್ ಬೇರಿಂಗಿಗೂ ಆಯಸ್ಕಾಂತಗಳಿಗೂ ಅದು ಶಿಕ್ಷೆ, ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಕೈ ಹಾಕಬೇಡಿ. ಎರಡು, ಶಾಫ್ಟಿನ ಇಳಿಜಾರು ಭಾಗಕ್ಕೆ ಎಣ್ಣೆ ಸವರಿ ಕೂರಿಸುವುದು. ಫ್ಲೈವೀಲನ್ನು ಹಿಡಿದಿಡುವುದು ಒಣಗಿದ, ಸ್ವಚ್ಛವಾದ ಆ ಟೇಪರೇ ಹೊರತು ಅರ್ಧಚಂದ್ರದ ಚಿಕ್ಕ ಕೀ ಅಲ್ಲ. ಕೀ ಇರುವುದು ಸ್ಥಾನ ತೋರಿಸಲು ಮಾತ್ರ. ಟೇಪರ್ ಜಾರಿತೋ, ಕೀ ಕತ್ತರಿಸಿ ಟೈಮಿಂಗ್ ಕೆಡುತ್ತದೆ. ಥಿನ್ನರಿನಿಂದ ಒರೆಸಿ, ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಮುಚ್ಚಳ ಹಾಕುವ ಮುನ್ನ ಕಿಕ್ಕರನ್ನು ಕೈಯಲ್ಲಿ ನಿಧಾನಕ್ಕೆ ಒತ್ತಿ, ತೂಕ ಮುಚ್ಚಳಕ್ಕೆ ತಾಗುತ್ತಿಲ್ಲವೇ ಕೇಳಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಚೆನ್ನಾಗಿ ಓಡಿದ ಬೈಕು ಚಿಕ್ಕಮಗಳೂರಿನ ಮೇಲೆ ಹೋದರೆ ಕೆಮ್ಮುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸೈಲೆನ್ಸರಿನಿಂದ ಕರಿ ಎಣ್ಣೆ ಸೋರುತ್ತದೆ. ಆಯಿಲ್ ಕಡಿಮೆ ಮಾಡಲೇ? (ಬೆಂಗಳೂರು)

ಆಯಿಲ್ ಕಡಿಮೆ ಮಾಡಬೇಡಿ. ಸೋರುವುದು ಸುಡದೆ ಉಳಿದ ಮಿಶ್ರಣ. ಕಾರಣ ಜೆಟ್ಟು, ಆಯಿಲ್ ಅಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮುಳ್ಳಯ್ಯನಗಿರಿ 1,930ರ ಹತ್ತಿರ. ಪ್ರತಿ ಸಾವಿರ ಮೀಟರಿಗೆ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗುತ್ತದೆ. ಪೆಟ್ರೋಲ್ ಅಷ್ಟೇ ಬಂದು ಗಾಳಿ ಕಡಿಮೆಯಾದರೆ ಮಿಶ್ರಣ ದಪ್ಪವಾಗಲೇಬೇಕು.

ಟ್ರೇಲಿನಲ್ಲಿ, ಅಂದರೆ ಇಂಥ ಕಾಲುದಾರಿಗಳಲ್ಲಿ, ಮೇನ್ ಜೆಟ್ ಕೆಲಸಕ್ಕೆ ಬರುವಷ್ಟು ನೀವು ಎಕ್ಸಲರೇಟರ್ ತೆರೆಯುವುದು ಅಪರೂಪ. ಎಕ್ಸಲರೇಟರ್ ಮುಚ್ಚಿದಲ್ಲಿಂದ ಕಾಲು ಭಾಗದವರೆಗೆ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಎಂಬ ಮೊನಚು ಕಡ್ಡಿ. ಸಮಯ ಹಾಕಬೇಕಾದದ್ದು ಈ ಎರಡಕ್ಕೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಕಾರ್ಬುರೇಟರಿನ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಹೊರಗೆ ತನ್ನಿ. ಐಡಲ್ ಅತಿ ಹೆಚ್ಚಾಗುವ ಜಾಗ ಸಿಗುತ್ತದೆ. ಅದು ಒಂದರಿಂದ ಎರಡೂವರೆ ಸುತ್ತಿನ ನಡುವೆ ಬಂದರೆ ಪೈಲಟ್ ಸರಿ. ಒಂದು ಸುತ್ತಿಗಿಂತ ಕಡಿಮೆಯಲ್ಲೇ ಬಂದರೆ ಪೈಲಟ್ ಒಂದು ಸೈಜ್ ದೊಡ್ಡದು ಬೇಕು. ಎರಡೂವರೆ ದಾಟಿದರೆ ಚಿಕ್ಕದು. ಬೆಟ್ಟ ಹತ್ತಿದಾಗ ಅರ್ಧ ಸುತ್ತು ಹೊರಗೆ ಬಿಟ್ಟರೆ ಹೆಚ್ಚಿನ ದಿನ ಸಾಕಾಗುತ್ತದೆ, ಇಳಿದ ಮೇಲೆ ವಾಪಸ್ ತರಲು ಮರೆಯಬೇಡಿ. ಮಧ್ಯದ ಎಕ್ಸಲರೇಟರಿನಲ್ಲಿ ಕೆಮ್ಮಿದರೆ ನೀಡಲಿನ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ಕ್ಲಿಪ್ ಮೇಲೆ ಹೋದರೆ ನೀಡಲ್ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಇದನ್ನು ಉಲ್ಟಾ ತಿಳಿದುಕೊಂಡು ಪಿಸ್ಟನ್ ಕಳೆದುಕೊಂಡವರಿದ್ದಾರೆ.

ಇದೆಲ್ಲ ಮಾಡಿದ ಮೇಲೂ ಪ್ಲಗ್ ಕಪ್ಪಾದರೆ ಆಗ ಎನ್‌ಜಿಕೆಯ 9ನೇ ನಂಬರಿನ ಬದಲು 8 ಹಾಕಬಹುದು. ಎನ್‌ಜಿಕೆಯಲ್ಲಿ ನಂಬರ್ ಇಳಿದಷ್ಟೂ ಪ್ಲಗ್ ಬಿಸಿ.

ಇಂದಿನ ಪಂಪಿನ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾತು ಬೇರೆ. ಎಥನಾಲಿನೊಳಗೇ ಆಕ್ಸಿಜನ್ ಇರುವುದರಿಂದ ಶುದ್ಧ ಪೆಟ್ರೋಲಿಗೆ ಬೇಕಾದ 14.7:1 ಗಾಳಿ-ಇಂಧನ ಅನುಪಾತ ಇ20ಗೆ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೆಯ ಮ್ಯಾನ್ಯುಯಲಿನ ಜೆಟ್ ನಂಬರುಗಳನ್ನು ಹಾಗೇ ಹಾಕಿದರೆ ಬಯಲುಸೀಮೆಯ ಚಳಿಯ ಬೆಳಗ್ಗೆ ಮಿಶ್ರಣ ತೆಳುವಾಗಿ ಎಂಜಿನ್ ಸೀಜ್ (ಜಾಮ್) ಆಗುವ ಅಪಾಯವಿದೆ. ಮೇನ್ ಜೆಟ್ ಒಂದೆರಡು ಸೈಜ್ ದೊಡ್ಡದರಿಂದ ಶುರು ಮಾಡಿ, ಪ್ಲಗ್ ನೋಡಿಕೊಂಡು ಇಳಿಯುವುದು ಕ್ಷೇಮ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೆರೆಸಿಟ್ಟ ಪೆಟ್ರೋಲನ್ನು ಎರಡು ವಾರಕ್ಕಿಂತ ಹೆಚ್ಚು ಇಡಬೇಡಿ, ನಿಲ್ಲಿಸುವಾಗ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿ.

ಆಯಿಲ್ ಅನುಪಾತ: ಯಮಾಹಾ ಮ್ಯಾನ್ಯುಯಲ್ ಹೇಳುವುದು 30:1, ಲೀಟರಿಗೆ 33 ಮಿ.ಲೀ. ಒಳ್ಳೆಯ ಸಿಂಥೆಟಿಕ್ ಆಯಿಲಿಗೆ ಟ್ರೇಲಿನಲ್ಲಿ 40:1, ಅಂದರೆ 25 ಮಿ.ಲೀ.ವರೆಗೆ ಹೋಗುವವರಿದ್ದಾರೆ. ನಮ್ಮ ಮತ 32:1ರಲ್ಲೇ ನಿಲ್ಲಿ ಎಂದು. ಐದು ಲೀಟರಿಗೆ 156 ಮಿ.ಲೀ., ಅಳೆದು ಹಾಕಿ, ಮುಚ್ಚಳದ ಲೆಕ್ಕ ಬೇಡ. ಅನುಪಾತ ಬದಲಿಸಿದರೆ ಜೆಟ್ಟಿಂಗೂ ಬದಲಾಗುತ್ತದೆ, ಏಕೆಂದರೆ ಆಯಿಲ್ ಹೆಚ್ಚಿದಷ್ಟೂ ಜೆಟ್ಟಿನಿಂದ ಬರುವ ಪೆಟ್ರೋಲ್ ಕಡಿಮೆ.

ಪ್ರಶ್ನೆ: ಉದ್ದದ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುತ್ತಿದ್ದಾಗ ಎಂಜಿನ್ ಜಾಮ್ ಆಯಿತು. ಪೆಟ್ರೋಲೂ ಇತ್ತು, ಆಯಿಲೂ ಇತ್ತು. (ಮಡಿಕೇರಿ)

ಇತ್ತು, ಆದರೆ ಟ್ಯಾಂಕಿನಲ್ಲಿ. ಫೋರ್-ಸ್ಟ್ರೋಕಿನಲ್ಲಿ ಆಯಿಲ್ ಸಂಪಿನಿಂದ ಸುತ್ತುತ್ತಲೇ ಇರುತ್ತದೆ. ಟೂ-ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಬಂದದ್ದೇ ಆಯಿಲ್. ಎಕ್ಸಲರೇಟರ್ ಮುಚ್ಚಿ, ಚಕ್ರವೇ ಎಂಜಿನ್ನನ್ನು ಎಳೆದು ತಿರುಗಿಸುವಾಗ ಪಿಸ್ಟನ್ 6-7 ಸಾವಿರ ಸುತ್ತು ಓಡುತ್ತಿರುತ್ತದೆ, ಆಯಿಲ್ ಮಾತ್ರ ಐಡಲಿಗೆ ಬರುವಷ್ಟೇ. ಕಾರು ಓಡಿಸಿ ರೂಢಿಯಾದವರು ಘಟ್ಟ ಇಳಿಯುವಾಗ ಎಂಜಿನ್ ಬ್ರೇಕಿಂಗನ್ನೇ ನಂಬುತ್ತಾರೆ, ಇಲ್ಲಿ ಅದು ತಿರುಗಿ ಬೀಳುತ್ತದೆ. ಕ್ಲಚ್ ಹಿಡಿದು ಎರಡೂ ಬ್ರೇಕಿನಲ್ಲಿ ಇಳಿಯಿರಿ, ಕೆಲವು ಸೆಕೆಂಡಿಗೊಮ್ಮೆ ಎಕ್ಸಲರೇಟರ್ ಒಂದು ಗುಟುಕು ಕೊಡಿ. ಹಿಂದಿನ ಬ್ರೇಕ್ ದ್ರವ ಕುದಿಯದಂತೆ ವರ್ಷಕ್ಕೊಮ್ಮೆ ಡಾಟ್ 4 ಬದಲಿಸಿ.

ಜಾಮ್ ಆದ ಎಂಜಿನ್ ತಣ್ಣಗಾಗಿ ಮತ್ತೆ ಶುರುವಾದರೂ ಹಾಗೇ ಓಡಿಸಬೇಡಿ. ಸಿಲಿಂಡರ್ ಎತ್ತಿ, ಪಿಸ್ಟನ್ನಿನಿಂದ ಗೋಡೆಗೆ ಅಂಟಿದ ಅಲ್ಯೂಮಿನಿಯಂ ತೆಗೆಸಿ, ಗೋಡೆಯ ಗಟ್ಟಿ ಪದರವಾದ ನಿಕಾಸಿಲ್ ಲೇಪನ ಎದ್ದಿದೆಯೇ ನೋಡಬೇಕು. ಲೇಪನ ಉಳಿದಿದ್ದರೆ ಹೊಸ ಪಿಸ್ಟನ್, ರಿಂಗ್, ಚಿಕ್ಕ ಬೇರಿಂಗಿನಲ್ಲಿ ಮುಗಿಯುತ್ತದೆ.

ಪ್ರಶ್ನೆ: ನನ್ನ ತೂಕ 62 ಕೆಜಿ. ಬಂಡೆಯ ಮೇಲೆ ಮುಂದಿನ ಚಕ್ರ ಪುಟಿದು ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ಸ್ಪ್ರಿಂಗ್ ಬದಲಿಸಬೇಕೇ? (ಶಿರಸಿ)

ಸ್ಪ್ರಿಂಗಿಗೆ ಮೊದಲು ಅಳತೆ ಟೇಪು. ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಹಿಂದಿನ ಆಕ್ಸಲಿನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಬೂಟು ಸಮೇತ ಕೂತು ಅದನ್ನೇ ಅಳೆಯಿರಿ. ವ್ಯತ್ಯಾಸ 100 ಮಿ.ಮೀ. ಆಸುಪಾಸು ಬರಬೇಕು. ಶಾಕಿನ ಮೇಲಿನ ರಿಂಗ್ ತಿರುಗಿಸಿ ಅಲ್ಲಿಗೆ ತನ್ನಿ. ಈಗ ಇಳಿದು, ಬೈಕು ತನ್ನ ತೂಕಕ್ಕೆ ಮಾತ್ರ ಎಷ್ಟು ಕುಗ್ಗಿದೆ ನೋಡಿ: 25ರಿಂದ 40 ಮಿ.ಮೀ. ಒಳಗಿದ್ದರೆ ಸ್ಪ್ರಿಂಗ್ ನಿಮಗೆ ಸರಿ. 25ಕ್ಕಿಂತ ಕಡಿಮೆ ಬಂದರೆ ಸ್ಪ್ರಿಂಗ್ ಮೆದು, ಅದಕ್ಕೇ ಅಷ್ಟು ಬಿಗಿಯಬೇಕಾಯಿತು. 40 ದಾಟಿದರೆ ಸ್ಪ್ರಿಂಗ್ ಗಡಸು. ಕೇಳಲು ತಿರುಗುಮುರುಗು ಅನಿಸುತ್ತದೆ, ಲೆಕ್ಕ ಮಾತ್ರ ಇದೇ. 62 ಕೆಜಿಗೆ 125ರ ಮೂಲ ಸ್ಪ್ರಿಂಗ್ ಸಾಮಾನ್ಯವಾಗಿ ನಡೆಯುತ್ತದೆ.

ನಿಮ್ಮ ಕೈ ನೋಯಿಸುತ್ತಿರುವುದು ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಓಟಕ್ಕೆ ಒಳಗಿನ ಎಣ್ಣೆ ಒಡ್ಡುವ ತಡೆ. ಹತ್ತು ಅಡಿ ಎತ್ತರದಿಂದ ಬಿದ್ದರೂ ತಳ ಹೊಡೆಯದಂತೆ ವಾಲ್ವ್ ಮಾಡಿದ ಫೋರ್ಕು ಮುಷ್ಟಿಯಷ್ಟು ಕಲ್ಲಿಗೆ ಮಣಿಯುವುದಿಲ್ಲ. ಫೋರ್ಕ್ ಕುಗ್ಗುವಾಗಿನ ಈ ತಡೆಯನ್ನು ಹೊಂದಿಸುವ ಕಂಪ್ರೆಷನ್ ಕ್ಲಿಕ್ಕರನ್ನು ಪೂರ್ತಿ ಒಳಗೆ ತಿರುಗಿಸುತ್ತಾ ಎಷ್ಟು ಕ್ಲಿಕ್ ಎಂದು ಎಣಿಸಿ, ಬರೆದಿಟ್ಟುಕೊಂಡು, ಹಿಂದಿದ್ದ ಜಾಗಕ್ಕಿಂತ ನಾಲ್ಕೈದು ಕ್ಲಿಕ್ ಹೊರಗೆ ಬಿಡಿ. ಓಡಿಸುವ ಮುನ್ನ ಮುಂದಿನ ಚಕ್ರ ಎತ್ತಿ ಫೋರ್ಕ್ ತುದಿಯ ಸ್ಕ್ರೂ ಸಡಿಲಿಸಿ ಒಳಗೆ ಸೇರಿದ ಗಾಳಿಯನ್ನು ಬಿಡಿ. 2006ರಿಂದ ಬಂದ ಕಯಾಬಾ ಎಸ್‌ಎಸ್‌ಎಸ್ ಫೋರ್ಕುಗಳಿಗೆ ಇಷ್ಟರಲ್ಲೇ ಬಹಳಷ್ಟು ವ್ಯತ್ಯಾಸ ಸಿಗುತ್ತದೆ. ಸಾಲದಿದ್ದರೆ ಮಾತ್ರ ತಿಳಿದವರ ಹತ್ತಿರ ಒಳಗಿನ ವಾಲ್ವಿನ ತೆಳು ಬಿಲ್ಲೆಗಳಾದ ಶಿಮ್‌ಗಳನ್ನು ಮೆದುಗೊಳಿಸಿ. ದಪ್ಪ ಎಣ್ಣೆ, ತೆಳು ಎಣ್ಣೆ ಬೆರೆಸಿ ಮಾಡುವ ನಾಟಿ ವೈದ್ಯ ಬೇಡ.

ಪ್ರಶ್ನೆ: 19 ಇಂಚಿನ ಹಿಂದಿನ ಚಕ್ರಕ್ಕೆ ಪದೇ ಪದೇ ಟ್ಯೂಬ್ ಪಂಕ್ಚರ್. (ಕಳಸ)

ಟ್ರೇಲಿಗೆ 18 ಇಂಚು ಬೇಕು. ರಿಮ್ ಚಿಕ್ಕದಾದಷ್ಟು ಟೈರಿನ ಗೋಡೆ ಎತ್ತರವಾಗುತ್ತದೆ, ಕಲ್ಲು ಮತ್ತು ರಿಮ್ಮಿನ ನಡುವೆ ಟ್ಯೂಬ್ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಯಮಾಹಾ ತಾನೇ ವೈಜೆಡ್ 125 ಎಕ್ಸ್ ಎಂಬ ಟ್ರೇಲ್ ರೂಪ ತಂದಾಗ ಮಾಡಿದ್ದೂ ಇದನ್ನೇ: 18 ಇಂಚಿನ ಹಿಂಚಕ್ರ, ಸೈಡ್ ಸ್ಟ್ಯಾಂಡ್, ಮೆದು ಸಸ್ಪೆನ್ಷನ್, ಕಡಿಮೆ ಕಂಪ್ರೆಷನ್ನಿನ ಹೆಡ್. ಹಳೆಯ ಹಬ್ಬಿಗೇ 18ರ ರಿಮ್ ಹೆಣೆಸುವುದಾದರೆ 36 ತೂತಿನ ರಿಮ್ ತನ್ನಿ. ಹಳೆಯ ಕಡ್ಡಿಗಳು ಸುಮಾರು 12-13 ಮಿ.ಮೀ. ಉದ್ದವಾಗುತ್ತವೆ. ಅವನ್ನು ಕತ್ತರಿಸಿ ಹೊಸ ತಿರುಪು ಹಾಕಿಸುವುದಕ್ಕಿಂತ ರಿಮ್ಮಿನ ಒಳಅಳತೆ ಕೊಟ್ಟು ಹೊಸದು ಮಾಡಿಸಿ. ಟೈರ್ 100/100-18 ಅಥವಾ 110/100-18, ದಪ್ಪ ಟ್ಯೂಬ್, ರಿಮ್ ಲಾಕ್ (ಟೈರ್ ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ಹಿಡಿಕೆ), ಗಾಳಿ 12 ಪಿಎಸ್‌ಐ ಹತ್ತಿರ. ಹೊಸ ಕಡ್ಡಿ ಮೊದಲ ಒಂದೆರಡು ಸವಾರಿಯಲ್ಲಿ ಸಡಿಲವಾಗುವುದು ಸಹಜ, ಬಿಗಿದು ನೋಡುತ್ತಿರಿ.

ಪ್ರಶ್ನೆ: ನಿಧಾನ ಏರಿನಲ್ಲಿ ರೇಡಿಯೇಟರ್ ಕುದಿದು ಉಕ್ಕುತ್ತದೆ. ಫ್ಯಾನ್ ಹಾಕಬಹುದೇ? (ಹೆಬ್ರಿ)

ಬ್ಯಾಟರಿಯೇ ಇಲ್ಲದ ಬೈಕಿಗೆ ಫ್ಯಾನ್ ದೂರದ ಮಾತು. ರೇಡಿಯೇಟರಿನ ರೆಕ್ಕೆಗಳ ನಡುವಿನ ಒಣ ಕೆಸರನ್ನು ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ, ಹತ್ತಿರದಿಂದ ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಉಕ್ಕಿದ್ದನ್ನು ಹಿಡಿದು ವಾಪಸ್ ಎಳೆದುಕೊಳ್ಳುವಂತೆ ಓವರ್‌ಫ್ಲೋ ಪೈಪಿಗೆ 250 ಮಿ.ಲೀ. ಬಾಟಲಿ ಜೋಡಿಸಿ, ಪೈಪಿನ ತುದಿ ದ್ರವದೊಳಗೇ ಮುಳುಗಿರಲಿ. 1.1 ಬಾರ್ ಮುಚ್ಚಳದ ಬದಲು 1.6 ಹಾಕಿದರೆ ಕುದಿಬಿಂದು ಇನ್ನೂ ಏಳೆಂಟು ಡಿಗ್ರಿ ಮೇಲೇರುತ್ತದೆ, ಆದರೆ ಹಳೆಯ ಹೋಸ್ ಇದ್ದರೆ ಒತ್ತಡಕ್ಕೆ ಅದೇ ಬಿರಿಯುತ್ತದೆ. ತಣ್ಣಗಿನ ಎಂಜಿನ್ ಶುರು ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಇದ್ಯಾವುದೂ ಬೇಡ, ಹೆಡ್ಡಿನ ಸೀಲ್ ಹೋಗಿದೆ.

ಪ್ರಶ್ನೆ: ಲೈಟು, ಹಾರನ್ ಹಾಕಿಸಿದರೆ ರಿಜಿಸ್ಟ್ರೇಷನ್ ಆಗುತ್ತದೆಯೇ? (ತುಮಕೂರು)

ಆಗುವುದಿಲ್ಲ. ರಸ್ತೆಗೆಂದು ಮಂಜೂರಾತಿ ಪಡೆಯದ ವಾಹನಕ್ಕೆ ಬಲ್ಬು ಹಾಕಿದ ಮಾತ್ರಕ್ಕೆ ನಂಬರ್ ಸಿಗದು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ತೋಟದಿಂದ ತೋಟಕ್ಕೆ ಪಿಕಪ್ಪಿನಲ್ಲೇ ಸಾಗಿಸಬೇಕು. ಮೀಸಲು ಅರಣ್ಯ, ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ನುಗ್ಗುವುದು ಬೇರೆಯೇ ಅಪರಾಧ. ಮಾಲೀಕರು ಒಪ್ಪಿದ ಖಾಸಗಿ ಜಮೀನೇ ಈ ಬೈಕಿನ ಊರು.

ಸಂಜೆ ಕತ್ತಲಾದರೆ ಮನೆ ಸೇರಲು ಬೆಳಕು ಬೇಕೆಂದರೆ, 20 ವ್ಯಾಟಿನ ಎಲ್‌ಇಡಿಗೆ 12 ವೋಲ್ಟ್ 5 ಆಂಪಿಯರ್-ಅವರ್ ಬ್ಯಾಟರಿ ಎರಡೂವರೆ ಗಂಟೆ ಬರುತ್ತದೆ. ಎಂಜಿನ್ನಿನಿಂದಲೇ ಬೇಕೆಂದರೆ ಲೈಟಿಂಗ್ ಕಾಯಿಲ್ ಇರುವ ಸ್ಟೇಟರ್ (ಕರೆಂಟ್ ಹುಟ್ಟಿಸುವ ಸುರುಳಿಗಳ ತಟ್ಟೆ) ಹಾಕಬೇಕು, ಮೂಲ ಸ್ಟೇಟರ್ ಇಗ್ನಿಷನ್ನಿಗೆ ಮಾತ್ರ. ಎಲ್‌ಇಡಿಗೆ ಡಿಸಿ ಬೇಕಾದ್ದರಿಂದ ಫುಲ್-ವೇವ್ ರೆಗ್ಯುಲೇಟರ್ ರೆಕ್ಟಿಫೈಯರ್ ಹಾಕಿ, ಕಾಯಿಲಿನ ಎರಡೂ ತುದಿ ಬಾಡಿ ಅರ್ತಿನಿಂದ ಬೇರೆಯಾಗಿರಲಿ. ಒಂದು ತುದಿ ಅರ್ತಿಗೆ ಬೆಸೆದೇ ಉಳಿದರೆ ರೆಕ್ಟಿಫೈಯರ್ ಸುಟ್ಟುಹೋಗುತ್ತದೆ ಅಥವಾ ಅರ್ಧ ಬೆಳಕಷ್ಟೇ ಬರುತ್ತದೆ.

ಪ್ರಶ್ನೆ: ಕಂಪ್ರೆಷನ್ ಇಳಿಸಲು ದಪ್ಪ ಬೇಸ್ ಗ್ಯಾಸ್ಕೆಟ್ ಹಾಕಿಸಲು ಮೆಕ್ಯಾನಿಕ್ ಹೇಳುತ್ತಾರೆ. 144 ಕಿಟ್ ಬಗ್ಗೆಯೂ ಕೇಳಿದ್ದೇನೆ. (ಹುಬ್ಬಳ್ಳಿ)

ದಪ್ಪ ಗ್ಯಾಸ್ಕೆಟ್ ಹಾಕಿದರೆ ಸಿಲಿಂಡರ್ ಜೊತೆಗೆ ಪೋರ್ಟುಗಳೂ ಮೇಲೇರುತ್ತವೆ. ಪೋರ್ಟ್ ಮೇಲೇರಿದರೆ ಶಕ್ತಿ ಇನ್ನೂ ಮೇಲಿನ ಆರ್‌ಪಿಎಂಗೆ ಓಡುತ್ತದೆ, ನಿಮಗೆ ಬೇಕಾದ್ದಕ್ಕೆ ಪೂರ್ತಿ ವಿರುದ್ಧ. ಕಂಪ್ರೆಷನ್ ಇಳಿಸುವುದಿದ್ದರೆ ಹೆಡ್ಡಿನ ಬಟ್ಟಲನ್ನು ಲೇತಿನಲ್ಲಿ ತಿದ್ದಿಸಿ, ಸ್ಕ್ವಿಶ್ ಅಂತರ (ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್ಡಿಗೂ ಉಳಿಯುವ ಸಂದು) ಕೆಡದಂತೆ.

144 ಕಿಟ್ ಅಂದರೆ ಬೋರನ್ನು 58 ಮಿ.ಮೀ.ಗೆ ಹಿಗ್ಗಿಸುವುದು. ಸ್ಟ್ರೋಕ್ ಅದೇ 54.5, ಲೆಕ್ಕ 144 ಸಿಸಿಗೆ ಬರುತ್ತದೆ. ಕೆಳಗಿನ ಎಳೆತಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಸಿಲಿಂಡರ್ ಕೊರೆಸಿ ಮತ್ತೆ ನಿಕಾಸಿಲ್ ಲೇಪಿಸಬೇಕು, ಹೆಡ್ ತಿದ್ದಿಸಬೇಕು, ಪವರ್ ವಾಲ್ವಿಗೆ ಪಿಸ್ಟನ್ ತಾಗದಂತೆ ನೋಡಬೇಕು, ಜೆಟ್ ಮೊದಲಿನಿಂದ ಮಾಡಬೇಕು. ಹೇಗೂ ಸಿಲಿಂಡರ್ ಹಾಳಾಗಿ ಲೇಪನ ಮಾಡಿಸುವ ದಿನ ಬಂದಾಗ ಯೋಚಿಸಿ, ಚೆನ್ನಾಗಿರುವ ಸಿಲಿಂಡರನ್ನು ಕೊರೆಸಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಇದೇ ಬೈಕು ಇದೆ. ಸೈಲೆನ್ಸರ್ ಬದಲಿಸದೆ ಕಾಡಿನ ಟ್ರೇಲಿಗೆ ಬಿಡುವುದಿಲ್ಲವಂತೆ? (ಸ್ಯಾನ್ ಹೊಸೆ)

ನಿಜ. ಅಮೆರಿಕದ ಅರಣ್ಯ ಸೇವೆಯ ಜಾಗಗಳಲ್ಲಿ ಅಂಗೀಕೃತ ಸ್ಪಾರ್ಕ್ ಅರೆಸ್ಟರ್ (ಕಿಡಿ ಹೊರಬಾರದಂತೆ ತಡೆಯುವ ಜರಡಿ) ಕಡ್ಡಾಯ, ಮೋಟೋಕ್ರಾಸ್ ಸೈಲೆನ್ಸರಿನಲ್ಲಿ ಅದಿರುವುದಿಲ್ಲ. 1986 ಮತ್ತು ನಂತರದ ಬೈಕುಗಳಿಗೆ ಕ್ಯಾಲಿಫೋರ್ನಿಯಾದ ಶಬ್ದ ಮಿತಿ 96 ಡೆಸಿಬೆಲ್, ಸೈಲೆನ್ಸರಿನಿಂದ 20 ಇಂಚು ದೂರದಲ್ಲಿ ಅಳೆಯುತ್ತಾರೆ. ಅರೆಸ್ಟರ್ ಇರುವ ಉದ್ದ ಸೈಲೆನ್ಸರ್ ಕೊಂಡರೆ ಎರಡೂ ತೀರುತ್ತದೆ, ಕೆಳಗಿನ ಎಳೆತವೂ ತುಸು ಸುಧಾರಿಸುತ್ತದೆ. ಜರಡಿಗೆ ಮಸಿ ಕಟ್ಟಿದರೆ ಬೈಕು ಮೇಲೆ ಉಸಿರುಗಟ್ಟುತ್ತದೆ, ಆಗಾಗ ಬಿಚ್ಚಿ ಸುಟ್ಟು ತೆಗೆಯಿರಿ. ಫೆಬ್ರುವರಿಯಿಂದ ಮೇವರೆಗೆ ಒಣ ಹುಲ್ಲು ನಿಂತಿರುವ ನಮ್ಮ ಘಟ್ಟದ ತಪ್ಪಲಿನ ತೋಟದವರೂ ಇದನ್ನು ಹಾಕಿಸಿಕೊಂಡರೆ ಪಕ್ಕದ ತೋಟದವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಪ್ರಶ್ನೆ: ಇಷ್ಟೆಲ್ಲ ಖರ್ಚಿನ ಬದಲು ಮನೆಯ ಹಳೇ ಆರ್‌ಎಕ್ಸ್ 100 ಅನ್ನೇ ಟ್ರೇಲ್ ಬೈಕ್ ಮಾಡಬಾರದೇ? (ಹಾಸನ)

1985ರಿಂದ 1996ರವರೆಗೆ ತಯಾರಾದ, 98 ಸಿಸಿ, 11 ಅಶ್ವಶಕ್ತಿಯ ಆ ಬೈಕಿಗೆ ಕೆಳಗಿನ ಎಳೆತವೇನೋ ಇದೆ. ಗಾಳಿಯಿಂದ ತಣಿಯುವ ಎಂಜಿನ್, ಆಯಿಲ್ ಪಂಪು ಬೇರೆ, ಬೆರೆಸುವ ರಗಳೆಯಿಲ್ಲ. ಆದರೆ ಎತ್ತರದ ಫೋರ್ಕು, ಉದ್ದದ ಸ್ವಿಂಗ್‌ಆರ್ಮ್ ಬೆಸೆದರೆ ಆ ತೆಳು ಫ್ರೇಮ್ ಸ್ಟೀರಿಂಗ್ ಹೆಡ್ಡಿನ ಬುಡದಲ್ಲಿ ಬಿರುಕು ಬಿಡುತ್ತದೆ. ಕಂಪನಿಯ ವಿವರಕ್ಕೆ ವಿರುದ್ಧವಾದ ಬದಲಾವಣೆ 52ನೇ ಸೆಕ್ಷನ್ ಪ್ರಕಾರ ಕಾನೂನುಬಾಹಿರ ಕೂಡ, ಇದ್ದ ಆರ್‌ಸಿಗೂ ತೊಂದರೆ. ಇಂದು ಮೂಲ ಸ್ಥಿತಿಯ ಆರ್‌ಎಕ್ಸ್‌ಗೆ ಜನ ಕೇಳಿದಷ್ಟು ಕೊಡುತ್ತಾರೆ. ಮಾರಿದರೆ ಆ ದುಡ್ಡು ಟ್ರೇಲ್ ಬೈಕಿನ ಲೆಕ್ಕಕ್ಕೆ ಸೇರುತ್ತದೆ. ಮಾರಲು ಮನಸ್ಸಿಲ್ಲವೆಂದರೆ ಮಣ್ಣಿಗೆ ಕಚ್ಚುವ ಉಬ್ಬುಗಳ ಟೈರು, ಹಿಂದೆ ಎರಡು ಹಲ್ಲು ಹೆಚ್ಚಿನ ಸ್ಪ್ರಾಕೆಟ್ ಹಾಕಿ ತೋಟದ ಜೀಪ್ ದಾರಿಯಲ್ಲಿ ಓಡಿಸಿ, ಫ್ರೇಮಿಗೆ ವೆಲ್ಡಿಂಗ್ ತೋರಿಸಬೇಡಿ.